ಊರಿನ ರಸ್ತೆಗೆ, ಹಳ್ಳದ ಸಂಕಕ್ಕೆ ಸರ್ಕಾರದ ದುಡ್ಡು ಕೇಳೋದು ಹೇಗೆ

ನಮ್ಮ ಕೇರಿಗೂ ಡಾಂಬರು ರಸ್ತೆಗೂ ಮಧ್ಯ ಒಂದು ಹಳ್ಳ ಇದೆ. ಮಳೆಗಾಲ ಶುರುವಾಯ್ತು ಅಂದ್ರೆ ಎರಡು ಅಡಿಕೆ ಮರ ಕಡಿದು ಅಡ್ಡ ಹಾಕಿ, ಮೇಲೆ ದಬ್ಬೆ ಕಟ್ಟಿ, ಕೈಗೆ ಹಿಡ್ಕೊಳ್ಳೋಕೆ ಒಂದು ಬಿದಿರು ಕಟ್ಟಿ, ಆ ಸಂಕದ (ಕಾಲುಸೇತುವೆ) ಮೇಲೆ ಮಕ್ಕಳನ್ನ ಸ್ಕೂಲಿಗೆ ಕಳಿಸ್ತಿದ್ವಿ. ಸೇತುವೆ ಬೇಕು ಅಂತ ವರ್ಷ ವರ್ಷ ಮನವಿ ಕೊಟ್ವಿ, ಕೊಟ್ಟಾಗೆಲ್ಲ ಅದ್ರ ಮೇಲೆ "ಸೂಕ್ತ ಕ್ರಮಕ್ಕಾಗಿ" ಅಂತ ಬರೆದು ಮುಂದಿನ ಆಫೀಸಿಗೆ ಹೋಗ್ತಿತ್ತು, ಅಲ್ಲಿಂದ ಇನ್ನೊಂದು ಆಫೀಸಿಗೆ, ಆಮೇಲೆ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ತಿರಲಿಲ್ಲ. ಕೊನೆಗೆ ಒಂದಿನ ರಿಟೈರ್ ಆಗೋಕೆ ಬಂದಿದ್ದ ಒಬ್ಬ ಎಂಜಿನಿಯರ್ ನಮ್ಮನ್ನ ಕೂರಿಸ್ಕೊಂಡು ಕೇಳಿದ್ರು, "ಈ ದಾರಿ ಯಾರ ಲೆಕ್ಕದಲ್ಲಿದೆ? ಜಾಗ ಯಾರದು? ಯಾವ ಹೆಡ್ಡಿಂದ, ಅಂದ್ರೆ ಯಾವ ಯೋಜನೆ ಖಾತೆಯಿಂದ ದುಡ್ಡು ಕೇಳ್ತಿದೀರಿ?" ಹೋಗಿದ್ದ ಏಳು ಜನದಲ್ಲಿ ಒಬ್ರಿಗೂ ಉತ್ತರ ಗೊತ್ತಿರಲಿಲ್ಲ. ಆ ಮೂರು ಪ್ರಶ್ನೆಗೆ ಉತ್ತರ ಹುಡುಕೋಕೆ ನಮಗೆ ಒಂದು ವರ್ಷ ಬೇಕಾಯ್ತು, ಹುಡುಕಿದ ಮೇಲೆ ಕೆಲಸ ಆಯ್ತು. ನಿಮಗೆ ಆ ಒಂದು ವರ್ಷ ಉಳೀಲಿ ಅಂತ ಇಷ್ಟು ಬರೀತಿದೀನಿ.

ಮೊದಲ್ನೇದು, ರಸ್ತೆ ಯಾರದು ಅನ್ನೋದು. ರಾಜ್ಯ ಹೆದ್ದಾರಿ ಮತ್ತೆ ಜಿಲ್ಲಾ ಮುಖ್ಯ ರಸ್ತೆ ಆದ್ರೆ ಲೋಕೋಪಯೋಗಿ ಇಲಾಖೆ, ಅಂದ್ರೆ ಪಿಡಬ್ಲ್ಯೂಡಿ. ಹಳ್ಳಿ ರಸ್ತೆಗಳು ಹೆಚ್ಚಾಗಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಕೈಲಿ ಇರ್ತವೆ, ತಾಲ್ಲೂಕಲ್ಲಿ ಅವರದ್ದೊಂದು ಉಪವಿಭಾಗ ಇರತ್ತೆ, ಅಲ್ಲಿ ಎಇಇ, ಅಂದ್ರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕೂತಿರ್ತಾರೆ. ಊರೊಳಗಿನ ಓಣಿ, ಕೇರಿ ರಸ್ತೆ ಗ್ರಾಮ ಪಂಚಾಯ್ತಿದು. ಪಿಡಬ್ಲ್ಯೂಡಿ ರಸ್ತೆಗೆ ಪಂಚಾಯ್ತೀಲಿ ಅರ್ಜಿ ಕೊಟ್ರೆ ಅಥವಾ ಪಂಚಾಯ್ತಿ ದಾರಿಗೆ ಪಿಡಬ್ಲ್ಯೂಡಿ ಬಾಗಿಲು ತಟ್ಟಿದ್ರೆ ಅದು ಬರೀ ಕಾಗದ ಓಡಾಡೋದಕ್ಕೆ ದಾರಿ ಅಷ್ಟೇ. ಹಾಗಾಗಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಹೋಗಿ ಪಂಚಾಯ್ತಿ ರಸ್ತೆ ರಿಜಿಸ್ಟರಲ್ಲಿ ನಿಮ್ಮ ದಾರಿ ಇದೆಯಾ ನೋಡಿ, ಆಮೇಲೆ ಎಇಇ ಆಫೀಸಲ್ಲಿ ಜಿಲ್ಲೆಯ ಗ್ರಾಮೀಣ ರಸ್ತೆಗಳ ಪಟ್ಟೀಲಿ ನಿಮ್ಮ ಊರಿನ ರಸ್ತೆ ಹೆಸರು, ನಂಬರು, ಉದ್ದ ಇದೆಯಾ ಕೇಳಿ. ಇಲ್ಲ ಅಂದ್ರೆ ಮೊದಲ ಕೆಲಸ ಪಟ್ಟಿಗೆ ಸೇರಿಸೋದು, ದುಡ್ಡಿನ ಮಾತು ಆಮೇಲೆ. ಲೆಕ್ಕದಲ್ಲೇ ಇಲ್ಲದ ರಸ್ತೆಗೆ ಯಾವ ಅಧಿಕಾರೀನೂ ದುಡ್ಡು ಬರೆಯೋಕಾಗಲ್ಲ, ಬರೆದ್ರೂ ಆಡಿಟ್ನಲ್ಲಿ ಸಿಕ್ಕಿ ಬೀಳ್ತಾರೆ.

ಎರಡನೇದು ಜಾಗ. ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ ಯಾಕಂದ್ರೆ ಮಂಜೂರಾದ ದುಡ್ಡು ವಾಪಸ್ ಹೋಗೋದು ನಾನು ನೋಡಿದ ಮಟ್ಟಿಗೆ ಇಲ್ಲೇ. ನಾವೆಲ್ಲ ಅಜ್ಜನ ಕಾಲದಿಂದ ಓಡಾಡ್ತಿದೀವಿ, ಅದು ದಾರೀನೇ ಅನ್ಕೊಂಡಿರ್ತೀವಿ, ಜೆಸಿಬಿ ಬಂದು ನಿಂತಾಗ ಯಾರೋ ಒಬ್ರು ಪಹಣಿ ಹಿಡ್ಕೊಂಡು ಬರ್ತಾರೆ, ಇದು ನಮ್ಮ ಸರ್ವೆ ನಂಬರು ಅಂತಾರೆ, ಕೋರ್ಟಿಂದ ಸ್ಟೇ ತರ್ತಾರೆ, ಮುಗೀತು. ಮೊದಲು ಗ್ರಾಮ ನಕ್ಷೆ ತೆಗೆಸಿ. ಅದ್ರಲ್ಲಿ ಬಂಡಿದಾರಿ, ಕಾಲುದಾರಿ ಬೇರೆ ಬೇರೆ ಚುಕ್ಕಿ ಗೆರೇಲಿ ತೋರಿಸಿರ್ತಾರೆ. ಪಹಣೀಲಿ ಖರಾಬ್, ಅಂದ್ರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ, ಅದು ಎ ಖರಾಬೋ ಬಿ ಖರಾಬೋ ನೋಡಿ. ಬಿ ಖರಾಬ್ ಅಂದ್ರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟಿದ್ದು, ಅದು ಸರ್ಕಾರದ್ದೇ. ಬೇರೆಯವರ ಹಕ್ಕಿಲ್ಲದ ಸಾರ್ವಜನಿಕ ದಾರಿ, ಹಳ್ಳ, ತೊರೆ ಎಲ್ಲ ಸರ್ಕಾರದ ಸ್ವತ್ತು ಅಂತ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಹೇಳತ್ತೆ. ನಕ್ಷೇಲಿ ದಾರಿ ಇದ್ದು ಜಾಗದಲ್ಲಿ ಬೇಲಿ ಇದ್ರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆಯರ್ ಕರೆಸಿ ಅಳತೆ ಮಾಡ್ಸಿ.

ನಕ್ಷೇಲಿ ದಾರೀನೇ ಇಲ್ಲ, ಪೂರ್ತಿ ಖಾಸಗಿ ಜಮೀನು ಅಂದ್ರೆ ಮನೆ ಮನೆಗೆ ಹೋಗಿ ಕೂತು ಮಾತಾಡೋದು ಬಿಟ್ಟು ಬೇರೆ ದಾರಿ ಇಲ್ಲ. ಇಂಥ ಯೋಜನೆಗಳಲ್ಲಿ ಜಾಗ ಖರೀದಿಗೆ ದುಡ್ಡು ಇರಲ್ಲ, ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಲೂ ಇಲ್ಲ, ಜಾಗ ನಾವೇ ಬಿಡಿಸ್ಕೊಡಬೇಕು. ಬಾಯಲ್ಲಿ "ಆಯ್ತು ಮಾಡ್ಕಳಿ" ಅಂದಿದ್ದು ಸಾಕಾಗಲ್ಲ, ಛಾಪಾ ಕಾಗದದಲ್ಲಿ ಒಪ್ಪಿಗೆ ಪತ್ರ ಬರೆಸಿದ್ರೂ ನಾಳೆ ಅವರ ಮಕ್ಕಳು ತಕರಾರು ತೆಗೀಬಹುದು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದಾನಪತ್ರ ರಿಜಿಸ್ಟರ್ ಮಾಡ್ಸೋದು ಗಟ್ಟಿ. ಪಹಣೀಲಿ ಜಂಟಿ ಹೆಸರಿದ್ರೆ ಎಲ್ರ ಸಹಿನೂ ಬೇಕು, ಬೆಂಗಳೂರಲ್ಲಿರೋ ತಮ್ಮಂದು, ಮದುವೆ ಆಗಿ ಹೋದ ಅಕ್ಕಂದು ಎಲ್ಲಾ. ನಮ್ಮಲ್ಲಿ ಒಬ್ಬ ಅಜ್ಜಿ ಮೂರು ಗುಂಟೆ ಬಿಟ್ಕೊಟ್ರು, ಅವರಿಗೆ ಆ ರಸ್ತೆಯಿಂದ ಏನೂ ಉಪಯೋಗ ಇರಲಿಲ್ಲ, ಮನೆ ಹಳ್ಳದ ಡಾಂಬರು ರಸ್ತೆ ಕಡೆನೇ ಇತ್ತು. ಅಂಥವರಿಗೆ ಊರಿನವರು ಕಾಂಪೌಂಡಿಗೆ ಕಲ್ಲು ಕಟ್ಟಿಕೊಡೋದು, ಹೋದ ಅಡಿಕೆ ಗಿಡದ ಬದ್ಲಿಗೆ ಬೇರೆ ಗಿಡ ನೆಟ್ಟು ಕೊಡೋದು ಮಾಡಬೇಕು, ಅದು ನಮ್ಮ ಕರ್ತವ್ಯ ಅಂತ ನಾನು ತಿಳ್ಕೊಂಡಿದೀನಿ.

ಮಲೆನಾಡು, ಕರಾವಳಿ ಕಡೆಯವರಿಗೆ ಇನ್ನೊಂದು ಗೋಡೆ ಅಡ್ಡ ಬರತ್ತೆ, ಅದು ಅರಣ್ಯ. ದಾರೀಲಿ ಹತ್ತು ಗುಂಟೆ ಕಾಡು ಬಂದ್ರೂ ಕೆಲಸ ನಿಲ್ಲತ್ತೆ. ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ, 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್. ಸ್ಕೂಲು, ಅಂಗನವಾಡಿ, ಕುಡಿಯೋ ನೀರು, ಕರೆಂಟ್ ಲೈನ್, ರಸ್ತೆ ಸೇರಿ 13 ತರದ ಸೌಲಭ್ಯಕ್ಕೆ, ಒಂದೊಂದು ಕೆಲಸಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ ಬೇಕಾದ್ರೆ, ಹೆಕ್ಟೇರಿಗೆ 75 ಮರಕ್ಕಿಂತ ಜಾಸ್ತಿ ಕಡಿಯೋದಿಲ್ಲ ಅಂದ್ರೆ, ಗ್ರಾಮಸಭೆ ಶಿಫಾರಸಿನ ಮೇಲೆ ಡಿಎಫ್ಒ (ವಿಭಾಗದ ಅರಣ್ಯಾಧಿಕಾರಿ) ಮಟ್ಟದಲ್ಲೇ ಅನುಮತಿ ಕೊಡಬಹುದು. ಅರ್ಜಿ ಹಾಕ್ಬೇಕಾದ್ದು ನೀವಲ್ಲ, ಕೆಲಸ ಮಾಡೋ ಇಲಾಖೆ. ಆದ್ರೆ ಗ್ರಾಮಸಭೆ ನಿರ್ಣಯ ಮಾಡಿಸಿಕೊಡೋದು ನಿಮ್ಮ ಕೈಲಿದೆ, ಅದ್ರಲ್ಲಿ ಸರ್ವೆ ನಂಬರು, ಎಷ್ಟು ಜಾಗ, ಎಷ್ಟು ಮರ ಅಂತ ಸ್ಪಷ್ಟ ಇರ್ಬೇಕು. ನಾವು "ಅರಣ್ಯ ಇಲಾಖೆ ಬಿಡಲ್ಲ" ಅಂತ ಎರಡು ವರ್ಷ ಸುಮ್ನೆ ಕೂತಿದ್ವಿ, ಕೇಳೋ ದಾರಿ ಗೊತ್ತಿರಲಿಲ್ಲ.

ಇನ್ನು ದುಡ್ಡು. ಯಾವ ಚೀಲದಿಂದ ಕೇಳಬೇಕು ಅನ್ನೋದು ಕೆಲಸ ಎಷ್ಟು ದೊಡ್ಡದು ಅನ್ನೋದರ ಮೇಲೆ ಹೋಗತ್ತೆ.

ಸಣ್ಣ ಕೆಲಸ, ಒಂದು ಮೋರಿ (ರಸ್ತೆ ಅಡಿ ನೀರು ದಾಟೋಕೆ ಕಟ್ಟೋ ಸಣ್ಣ ಸೇತುವೆ), ನೂರು ಮೀಟರ್ ಕಾಂಕ್ರೀಟ್ ಅಂದ್ರೆ ಗ್ರಾಮ ಪಂಚಾಯ್ತಿನೇ ಸಾಕು. ಪಂಚಾಯ್ತಿಗೆ ಕೇಂದ್ರ ಹಣಕಾಸು ಆಯೋಗದ ಅನುದಾನ ಬರತ್ತೆ, ಆದ್ರೆ ಅದೆಲ್ಲ ರಸ್ತೆಗೆ ಹಾಕೋಕಾಗಲ್ಲ. 15ನೇ ಹಣಕಾಸು ಆಯೋಗದಲ್ಲಿ 100 ರೂಪಾಯೀಲಿ 60 ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಉಳಿದ 40ರಲ್ಲಿ ರಸ್ತೆ, ಬೀದಿದೀಪ ಎಲ್ಲಾ. ಹಾಗಾಗಿ ಪಿಡಿಒ ದುಡ್ಡಿಲ್ಲ ಅಂದ್ರೆ ಯಾವಾಗ್ಲೂ ಸುಳ್ಳು ಅನ್ಕೋಬೇಡಿ.

ಐದು ಹತ್ತು ಲಕ್ಷದ ಮೇಲೆ ಹೋದ್ರೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ಕರ್ನಾಟಕದಲ್ಲಿ ಒಬ್ಬ ಎಂಎಲ್ಎಗೆ ವರ್ಷಕ್ಕೆ 2 ಕೋಟಿ, ಎಂಎಲ್‌ಸಿಗಳಿಗೂ ಅಷ್ಟೇ ಇದೆ. ಎಲ್ರೂ ಎಂಎಲ್ಎ ಮನೆ ಮುಂದೆನೇ ಕ್ಯೂ ನಿಲ್ತಾರೆ, ಎಂಎಲ್‌ಸಿ ನೆನಪೇ ಯಾರಿಗೂ ಇರಲ್ಲ, ನೀವು ಅಲ್ಲಿಗೂ ಹೋಗಿ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಲೋಕಸಭೆಯವರು ಅವರ ಕ್ಷೇತ್ರದಲ್ಲಿ, ರಾಜ್ಯಸಭೆಗೆ ಆಯ್ಕೆ ಆದವರು ರಾಜ್ಯದಲ್ಲಿ ಎಲ್ಲಿ ಬೇಕಾದ್ರೂ ಶಿಫಾರಸು ಮಾಡಬಹುದು, ಇದೂ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ನೆನಪಿಟ್ಕಳಿ, ಇವರು ಮಾಡೋದು ಶಿಫಾರಸು ಮಾತ್ರ, ಮಂಜೂರು ಮಾಡೋದು ಜಿಲ್ಲಾಡಳಿತ. ಲೆಟರ್ ಬಂತು ಅಂತ ಹಾರ ಹಾಕಿ ಮನೆಗೆ ಬಂದು ಕೂತ್ರೆ ಆಗಲ್ಲ, ಆ ಲೆಟರ್ ಡಿಸಿ ಆಫೀಸಿಗೆ ತಲುಪಿದ್ಯಾ, ಅಲ್ಲಿಂದ ಎಂಜಿನಿಯರಿಗೆ ಎಸ್ಟಿಮೇಟ್ ಕೇಳಿ ಹೋಗಿದ್ಯಾ ನೋಡ್ಬೇಕು.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕಾಲೊನಿ ಆದ್ರೆ ಅದಕ್ಕೆ ಬೇರೆನೇ ಹಣ ಇದೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ ಮತ್ತೆ ಬುಡಕಟ್ಟು ಉಪಯೋಜನೆ) ಕಾಯ್ದೆ ಪ್ರಕಾರ ಇಲಾಖೆಗಳು ಜನಸಂಖ್ಯೆಗೆ ತಕ್ಕಂತೆ ದುಡ್ಡು ಎತ್ತಿಡಲೇಬೇಕು. ಪಿಡಿಒ ಹತ್ರ ಕೇರಿಯ ಮನೆಗಳ ಪಟ್ಟಿ, ಎಷ್ಟು ಕುಟುಂಬ ಪರಿಶಿಷ್ಟರದ್ದು ಅಂತ ದೃಢೀಕರಣ ತಗೊಂಡು ಅರ್ಜಿ ಜೊತೆ ಇಡಿ. ಆ ಹಣ ಆ ಕೇರಿಗೇ ಸೇರ್ಬೇಕು, ಕಾಲೊನಿ ಹೆಸರಲ್ಲಿ ತಂದು ದೊಡ್ಡವರ ತೋಟಕ್ಕೆ ರಸ್ತೆ ಮಾಡೋದನ್ನ ಕಂಡ್ರೆ ಊರಿನವರೇ ಎದ್ದು ಕೇಳ್ಬೇಕು.

ಪ್ರದೇಶವಾರು ಮಂಡಳಿಗಳೂ ಇವೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಯವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ನಮ್ಮ ಕಡೆಗೆ ಶಿವಮೊಗ್ಗದಲ್ಲಿರೋ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಚಿತ್ರದುರ್ಗದಲ್ಲಿ ಬಯಲುಸೀಮೆ ಮಂಡಳಿ. ಗಣಿ ಇರೋ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ, ಅಲ್ಲಿ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲ ಆದ್ಯತೆ, ರಸ್ತೆ ಸೇತುವೆ ಆಮೇಲೆ ಬರತ್ತೆ.

ಇಡೀ ಊರಿಗೇ ರಸ್ತೆ ಇಲ್ಲ ಅನ್ನೋರು ಗ್ರಾಮ ಸಡಕ್ ಯೋಜನೆ ನೋಡಿ. 2000ದ ಡಿಸೆಂಬರ್ 25ಕ್ಕೆ ಶುರುವಾದ ಯೋಜನೆ ಇದು, ಇದ್ರ ನಾಲ್ಕನೇ ಹಂತಕ್ಕೆ 2024ರ ಸೆಪ್ಟೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು, 2028-29ರವರೆಗೆ 25,000 ಜನವಸತಿಗೆ 62,500 ಕಿಲೋಮೀಟರ್ ರಸ್ತೆ, 70,125 ಕೋಟಿ ರೂಪಾಯಿ. ಬಯಲು ಪ್ರದೇಶದಲ್ಲಿ 2011ರ ಜನಗಣತಿ ಪ್ರಕಾರ 500 ಜನ ಇರ್ಬೇಕು, ಬುಡಕಟ್ಟಿನ ಪರಿಶಿಷ್ಟ ಪ್ರದೇಶ, ಹಿಂದುಳಿದಿದೆ ಅಂತ ಕೇಂದ್ರ ಗುರುತಿಸಿದ "ಮಹತ್ವಾಕಾಂಕ್ಷಿ" ಜಿಲ್ಲೆ-ತಾಲ್ಲೂಕು ಇಂಥ ಕಡೆ 250 ಸಾಕು. ನಮ್ಮ ಮಲೆನಾಡಲ್ಲಿ ಮನೆಗಳು ಚದುರಿ ಇರೋದ್ರಿಂದ ಈ 500 ದಾಟೋದೇ ಕಷ್ಟ, ಅದಕ್ಕೆ ಹತ್ರಹತ್ರ ಇರೋ ಮಜರೆಗಳನ್ನ (ಊರಿಗೆ ಸೇರಿದ ಸಣ್ಣ ಕೇರಿಗಳನ್ನ) ಒಟ್ಟು ಸೇರಿಸಿ ಲೆಕ್ಕ ಹಾಕೋಕೆ ಬರತ್ತಾ ಅಂತ ಎಇಇ ಹತ್ರ ಕೇಳ್ಲೇಬೇಕು, ಅವರಾಗೇ ಹೇಳಲ್ಲ.

ಮಕ್ಕಳು ಹಳ್ಳ ದಾಟಿ ಸ್ಕೂಲಿಗೆ ಹೋಗೋ ಜಾಗ ಆದ್ರೆ ಪಿಡಬ್ಲ್ಯೂಡಿ ಕಡೆಯಿಂದ "ಶಾಲಾ ಸಂಪರ್ಕ ಸೇತು" ಅಂತ ಮಲೆನಾಡು-ಕರಾವಳಿಗೇ ಮಾಡಿದ ಯೋಜನೆ ಇತ್ತು, ಅದ್ರ ಅಡಿ ಸುಮಾರು ಕಡೆ ಕಾಲುಸೇತುವೆ ಆಗಿವೆ. 2022ರ ಆಗಸ್ಟಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಲ್ಲಿ ಎರಡನೇ ಕ್ಲಾಸಿನ ಒಂದು ಹುಡುಗಿ ಸ್ಕೂಲಿಂದ ವಾಪಸ್ ಬರುವಾಗ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಹೋಯ್ತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನನ್ನ ಮಗಳೂ ಆಗ ಅದೇ ಕ್ಲಾಸು. ಹೀಗೆ ಮಕ್ಕಳು ಓಡಾಡೋ ಸಂಕ ಆದ್ರೆ ಸ್ಕೂಲ್ ಹೆಡ್‌ಮಾಸ್ಟರ್ ಹತ್ರ ಎಷ್ಟು ಮಕ್ಕಳು ಈ ಹಳ್ಳ ದಾಟಿ ಬರ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ಗೈರುಹಾಜರಿ ಅಂತ ಹಾಜರಿ ಪುಸ್ತಕ ನೋಡಿ ಪತ್ರ ಬರೆಸ್ಕಳಿ. ನಮ್ಮ ಫೈಲಲ್ಲಿ ಎಲ್ರೂ ನಿಂತು ಓದಿದ ಕಾಗದ ಅದೊಂದೇ.

ಮಳೆಗೆ ಇದ್ದ ಸೇತುವೆ ಕೊಚ್ಕೊಂಡು ಹೋದ್ರೆ ಅದು ಪೂರ್ತಿ ಬೇರೆ ದಾರಿ, ವಿಪತ್ತು ಪರಿಹಾರ ನಿಧಿ. ಅದೇ ದಿನ ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ, ತಹಶೀಲ್ದಾರರಿಗೆ ಬರವಣಿಗೇಲಿ ಕೊಡಿ. ತಿಂಗಳು ಬಿಟ್ಟು ಹೋದ್ರೆ ಹಾನಿ ಪಟ್ಟಿ ಮುಚ್ಚಿ ಹೋಗಿರತ್ತೆ.

ಈಗ ಅರ್ಜಿ ಕೊಡೋ ಕ್ರಮ. ಯಾವ ಚೀಲ ಆದ್ರೂ ಬುಡ ಗ್ರಾಮಸಭೇನೇ. ವಾರ್ಡ್ ಸಭೇಲಿ ನಿಮ್ಮ ಕೆಲಸ ಹೇಳಿ, ಅದು ಗ್ರಾಮಸಭೆಗೆ ಬರ್ಲಿ, ನಿರ್ಣಯ ಪುಸ್ತಕದಲ್ಲಿ ಬರೆಸಿ. ಬರೆಯೋವರೆಗೂ ಎದ್ದು ಹೋಗ್ಬೇಡಿ. ಸಾಮಾನ್ಯವಾಗಿ ಅಕ್ಟೋಬರ್ 2ರ ನಂತರದ ತಿಂಗಳುಗಳಲ್ಲಿ ಮುಂದಿನ ವರ್ಷದ ಗ್ರಾಮ ಪಂಚಾಯ್ತಿ ಅಭಿವೃದ್ಧಿ ಯೋಜನೆ ತಯಾರಾಗತ್ತೆ, ಅದು ಇ-ಗ್ರಾಮ್ ಸ್ವರಾಜ್ ಪೋರ್ಟಲಿಗೆ ಹೋಗತ್ತೆ. ಅದ್ರಲ್ಲಿ ನಿಮ್ಮ ಸಂಕ ಬಿದ್ರೆ ಎಂಎಲ್ಎ ಹತ್ರ ಹೋದಾಗ್ಲೂ "ಇದು ಪಂಚಾಯ್ತಿ ಯೋಜನೇಲಿದೆ ಸಾರ್" ಅಂತ ಹೇಳ್ಬಹುದು, ಆ ಮಾತಿಗೆ ತೂಕ ಬೇರೆ. ನಿರ್ಣಯದ ದೃಢೀಕೃತ ನಕಲು ಕೈಗೆ ತಗೊಳ್ಳಿ.

ಮನವೀಲಿ ಕಷ್ಟ ಹೇಳ್ಕೊಳ್ಳೋದು ಎರಡು ಸಾಲು ಸಾಕು, ಮಿಕ್ಕಿದ್ದೆಲ್ಲ ಲೆಕ್ಕ ಇರ್ಲಿ. ನಮ್ಮ ಅರ್ಜಿ ಹೆಚ್ಚುಕಡಿಮೆ ಹೀಗಿತ್ತು: "ನಮ್ಮ ಮಜರೆಯಲ್ಲಿ 23 ಕುಟುಂಬಗಳು, 104 ಜನ ವಾಸವಾಗಿದ್ದೇವೆ. ಮುಖ್ಯ ರಸ್ತೆಯಿಂದ ಮಜರೆಗೆ 1.4 ಕಿ.ಮೀ. ದಾರಿ ಇದ್ದು 600 ಮೀಟರ್‌ನಲ್ಲಿ ಹಳ್ಳ ಅಡ್ಡ ಬರುತ್ತದೆ. ಹಳ್ಳದ ಅಗಲ 9 ಮೀಟರ್. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾಹನ ಸಂಚಾರವಿಲ್ಲ. 14 ವಿದ್ಯಾರ್ಥಿಗಳು ದಿನವೂ ದಾಟುತ್ತಾರೆ. ಜಾಗವು ಬಿ ಖರಾಬ್ ಆಗಿದ್ದು, ಮೂರು ಗುಂಟೆ ಖಾಸಗಿ ಜಮೀನನ್ನು ದಾನಪತ್ರದ ಮೂಲಕ ಬಿಡಿಸಲಾಗಿದೆ. ಈ ಕಾಮಗಾರಿಗೆ ಬೇರೆ ಯಾವ ಯೋಜನೆಯಲ್ಲೂ ಅನುದಾನ ಪಡೆದಿಲ್ಲ. ಗ್ರಾಮಸಭೆ ನಿರ್ಣಯ, ಗ್ರಾಮ ನಕ್ಷೆ, ದಾನಪತ್ರ, ಮುಖ್ಯೋಪಾಧ್ಯಾಯರ ಪತ್ರ, ಫೋಟೋ ಲಗತ್ತಿಸಿದೆ." ಕೊನೆಗೆ ಎಲ್ಲಾ ಮನೆಯವರ ಸಹಿ. ಒಂದು ಪುಟ ಅಷ್ಟೇ. "ಬೇರೆ ಯೋಜನೆಯಲ್ಲಿ ಅನುದಾನ ಪಡೆದಿಲ್ಲ" ಅನ್ನೋ ಸಾಲು ಬಿಡ್ಬೇಡಿ, ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು ಬಿದ್ರೆ ಎರಡೂ ನಿಲ್ಲತ್ತೆ. ಕೊಟ್ಟ ಕಡೆ ಟಪಾಲಲ್ಲಿ ಸೀಲು, ತಾರೀಖು, ನಂಬರು ಹಾಕಿಸ್ಕೊಂಡೇ ಬನ್ನಿ.

ಎಂಜಿನಿಯರ್ ಜಾಗ ನೋಡೋಕೆ ಬರೋದು ಹೆಚ್ಚಾಗಿ ಬೇಸಿಗೇಲಿ. ಆಗ ಹಳ್ಳದಲ್ಲಿ ಮೊಣಕಾಲುದ್ದ ನೀರೂ ಇರಲ್ಲ, ಅವರು ನೋಡಿದ್ದಕ್ಕೆ ತಕ್ಕಂತೆ ಸಣ್ಣ ಮೋರಿ ಬರೀತಾರೆ, ಮುಂದಿನ ಜುಲೈಗೆ ಅದು ಕೊಚ್ಕೊಂಡು ಹೋಗತ್ತೆ. ಅದಕ್ಕೆ ಮಳೆಗಾಲದಲ್ಲಿ ನೀರು ತುಂಬಾ ಮೇಲೆ ಬಂದ ದಿನ ಎಲ್ಲೀವರೆಗೆ ಬಂತು ಅಂತ ಬಂಡೆ ಮೇಲೋ ಮರದ ಮೇಲೋ ಪೇಂಟಲ್ಲಿ ಗೆರೆ ಎಳೆದಿಡಿ, ಪಕ್ಕದಲ್ಲಿ ಒಬ್ಬ ಮನುಷ್ಯನ್ನ ನಿಲ್ಸಿ ತಾರೀಖು ಸಮೇತ ಫೋಟೋ, ವಿಡಿಯೋ ಇಟ್ಕಳಿ. ಅಧಿಕಾರಿಗಳಿಗೆ ಬೇಕಾಗಿರೋದು ಅದೇ, ಅತಿ ಹೆಚ್ಚು ಪ್ರವಾಹ ಮಟ್ಟ. ಮತ್ತೆ ನಮ್ಮ ಕಡೆ ಪೈಪ್ ಮೋರಿ ಒಪ್ಪಬೇಡಿ, ದರಗು (ಒಣ ಎಲೆ), ಕೊಂಬೆ, ಒಂದೊಂದ್ಸಲ ಇಡೀ ಮರಾನೇ ಬಂದು ಪೈಪ್ ಬಾಯಿ ಮುಚ್ಚತ್ತೆ, ನೀರು ರಸ್ತೆ ಮೇಲೆ ಹತ್ತತ್ತೆ. ಬಾಕ್ಸ್ ಅಥವಾ ಸ್ಲ್ಯಾಬ್ ಕೇಳಿ. 6 ಮೀಟರ್ ಉದ್ದದವರೆಗೆ ಮೋರಿ ಅಂತ ಲೆಕ್ಕ, ಅದ್ರ ಮೇಲೆ 60 ಮೀಟರ್‌ವರೆಗೆ ಕಿರು ಸೇತುವೆ, ಖರ್ಚೂ ಡಿಸೈನೂ ಆಗ ಬೇರೆ ಆಗತ್ತೆ. ಅಗಲವಾದ ಹೊಳೆ, ಜನ ನಡೆದು ಹೋದ್ರೆ ಸಾಕು ಅನ್ನೋ ಕಡೆ ತೂಗುಸೇತುವೆ ಯೋಚ್ನೆ ಮಾಡಿ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಲ್ಲಿ ಪಯಸ್ವಿನಿ ಹೊಳೆಗೆ ಮೊದಲ್ನೇದು ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದವರು, 2017ರಲ್ಲಿ ಪದ್ಮಶ್ರೀ ಬಂತು. ಆದ್ರೆ ಆಂಬುಲೆನ್ಸ್ ಬರ್ಬೇಕು, ಅಡಿಕೆ ಮೂಟೆ ಹೋಗ್ಬೇಕು ಅಂದ್ರೆ ಮೊದಲೇ ಹೇಳಿ, ಕಾಲುಸೇತುವೆ ಆದ್ಮೇಲೆ "ಆಟೋ ಹೋಗಲ್ಲ" ಅಂತ ಮತ್ತೆ ಅರ್ಜಿ ಕೊಟ್ರೆ ಯಾರೂ ಕೇಳಲ್ಲ.

ಎಸ್ಟಿಮೇಟ್ ಆದ ಮೇಲೆ ಎರಡು ಮೆಟ್ಟಿಲು, ಆಡಳಿತಾತ್ಮಕ ಅನುಮೋದನೆ ಮತ್ತೆ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್, ವರ್ಕ್ ಆರ್ಡರ್. ಪ್ರತಿ ಮೆಟ್ಟಿಲಲ್ಲೂ ಫೈಲ್ ನಂಬರ್ ಕೇಳಿ ಬರ್ಕೊಳ್ಳಿ, "ನಮ್ಮ ಸೇತುವೆ ಏನಾಯ್ತು" ಅಂತ ಕೇಳಿದ್ರೆ ನೋಡೋಣ ಅಂತಾರೆ, ನಂಬರ್ ಹೇಳಿ ಕೇಳಿದ್ರೆ ಕಂಪ್ಯೂಟರ್ ತೆಗೀತಾರೆ. ಹದಿನೈದು ದಿನಕ್ಕೊಮ್ಮೆ ಊರಿಂದ ಒಬ್ಬರೇ ಹೋಗ್ಲಿ, ಪ್ರತಿ ಸಲ ಬೇರೆ ಬೇರೆಯವರು ಹೋದ್ರೆ ಹೋದ ಸಲ ಏನು ಮಾತಾಯ್ತು ಅನ್ನೋದೇ ತಿಳಿಯಲ್ಲ. ತೀರಾ ನಿಂತು ಹೋದ್ರೆ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅಥವಾ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಫೀಸು, ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, 30 ದಿನದಲ್ಲಿ ಉತ್ತರ ಬರ್ಬೇಕು. ಜಗಳದ ಭಾಷೆ ಬೇಡ, "ಇಂಥ ನಂಬರಿನ ಕಡತದ ಟಿಪ್ಪಣಿ ಹಾಳೆ ನಕಲು ಕೊಡಿ" ಅಂದ್ರೆ ಸಾಕು, ಯಾರ ಟೇಬಲ್ ಮೇಲೆ ಎಷ್ಟು ದಿನ ಕೂತಿತ್ತು ಅನ್ನೋದು ಅದ್ರಲ್ಲೇ ಗೊತ್ತಾಗತ್ತೆ.

ಮಲೆನಾಡಲ್ಲಿ ಕೆಲಸ ಮಾಡೋಕೆ ಸಿಗೋದು ನವೆಂಬರಿಂದ ಮೇ ಮಧ್ಯದವರೆಗೆ. ವರ್ಕ್ ಆರ್ಡರ್ ಏಪ್ರಿಲಲ್ಲಿ ಬಂತು ಅಂದ್ರೆ ಅರ್ಧ ಪಾಯ ತೆಗೆದು ಮಳೆಗೆ ಬಿಟ್ಟು ಹೋಗೋ ಅಪಾಯ ಇದೆ, ಆಗ ದೀಪಾವಳಿ ಕಳೆದ ಮೇಲೆ ಶುರು ಮಾಡಿ ಅಂತ ಬರೆದು ಕೊಡೋದೇ ವಾಸಿ ಅಂತ ನನ್ನ ಅನಿಸಿಕೆ. ಕೆಲಸ ಶುರುವಾದಾಗ ಎಸ್ಟಿಮೇಟ್ ನಕಲು ಊರಲ್ಲಿ ಒಬ್ಬರ ಹತ್ರ ಇರ್ಲಿ, ಪಾಯ ಎಷ್ಟು ಆಳ, ಎಷ್ಟು ಎಂಎಂ ಕಬ್ಬಿಣ ಅಂತ ಅದ್ರಲ್ಲಿ ಇರತ್ತೆ. ಕಾಂಕ್ರೀಟ್ ಹಾಕೋ ದಿನ ಜೆಇ (ಜೂನಿಯರ್ ಎಂಜಿನಿಯರ್) ಜಾಗದಲ್ಲಿ ಇರ್ಬೇಕು, ಇಲ್ಲ ಅಂದ್ರೆ ಫೋನ್ ಮಾಡಿ ಕರೆಸಿ. ಹಾಕಿದ ಮೇಲೆ ನೀರು ಹಾಕೋ ಕೆಲಸಾನ ನಮ್ಮ ಕೇರಿ ಹೆಂಗಸರೇ ಪಾಳಿ ಮೇಲೆ ಮಾಡಿದ್ರು, 21 ದಿನ, ಅವರೇ ಹಳ್ಳದಿಂದ ಕೊಡಪಾನದಲ್ಲಿ ಹೊತ್ತು. ಕೆಲಸ ಮುಗಿದು ಬಿಲ್ ಆದ ಮೇಲೆ ಸೇತುವೆ ಪಂಚಾಯ್ತಿ ಆಸ್ತಿ ರಿಜಿಸ್ಟರಿಗೆ ಹತ್ತಿದ್ಯಾ ಅಂತ ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಅಲ್ಲಿ ಹೆಸರಿಲ್ಲದಿದ್ರೆ ನಾಳೆ ಸೇತುವೆ ರೇಲಿಂಗ್ ಮುರಿದಾಗ ರಿಪೇರಿಗೆ ಮತ್ತೆ "ಇದು ಯಾರ ಲೆಕ್ಕದಲ್ಲಿದೆ" ಅಂತಾನೇ ಕೇಳ್ತಾರೆ.